ನಿದ್ದೆ ಕೆಡಿಸುವ ಪಿಟೀಲು

ಕೂಸು ಮನಿಗೆ ಬಂತು! ನಿನ್ನೆ ಮಧ್ಯಾಹ್ನ ನನ್ನ ಮೊಮ್ಮಗಳು ಆಸ್ಪತ್ರೆಯ ಗಾಜಿನ ಡಬ್ಬಿ ಬಿಟ್ಟು, ಮೂಗಿಗೆ ನಳಿಗೆ ಇಲ್ಲ, ಎದೆಗೆ ವಾಯರು ಇಲ್ಲ, ತನ್ನ ಉಸಿರು ತಾನೇ ಆಡಿಕೊಂತ ಲಂಡನ್ನಿನ ಕೆಂಟನ್ ಬಡಾವಣೆಯ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಳು! ಇದನ್ನು ಮೊದಲೇ ಹೇಳಿಬಿಟ್ಟೆ. ಯಾಕಂದರೆ ಮುಂದಿನದು ಓದುವಾಗ ನನ್ನ ಜೀವ ಹಾರಿದ ಹಾಗೆ ನಿಮ್ಮ ಜೀವ ಹಾರಬಾರದು. ನಿನ್ನೆಯಿಂದ ಕಂಡವರಿಗೆಲ್ಲ ಸಕ್ಕರೆ ಹಂಚುತ್ತಿದ್ದೇನೆ. ಟಪಾಲಿನವನು ಬಾಗಿಲಿಗೆ ಬಂದವ ಗಾಬರಿಯಾಗಿ "ನೋ ಥ್ಯಾಂಕ್ಯೂ, ಲವ್" ಅಂದ. ನಾನು ಬಿಟ್ಟೇನಾ? ಅವನ ಬಾಯಿಗೇ ಹಾಕಿದೆ. ಈ ದೇಶದಲ್ಲಿ ಗುರುತಿಲ್ಲದವರ ಬಾಯಿಗೆ ಕೈ ಹಾಕಬಾರದಂತೆ. ಅಳಿಯಂದಿರು ಆಮೇಲೆ ಹೇಳಿದರು.

ನಾನು ಧಾರವಾಡದ ಕಡೆಯಾಕಿ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟಾಕಿ. ಬರೆದು ರೂಢಿಯಿಲ್ಲ. ಆದರೆ ಇಷ್ಟು ಸಂತೋಷವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ಅಜೀರ್ಣ ಆದೀತು ಅಂತ ಬರೆಯಲು ಕೂತಿದ್ದೇನೆ. ಲಂಡನ್ನಿಗೆ ಹೋಗಿ ಏನೇನು ನೋಡಿದಿ ಅಂತ ಊರಿಗೆ ಬಂದ ಮೇಲೆ ನೀವು ಕೇಳುತ್ತೀರಿ. ರಾಣಿಯ ಅರಮನೆ ನೋಡಲಿಲ್ಲ. ದೊಡ್ಡ ಗಡಿಯಾರ ನೋಡಲಿಲ್ಲ. ನಾನು ನೋಡಿದ್ದು ಒಂದು ಗಾಜಿನ ಡಬ್ಬಿ, ಒಂದು ಗೋಡೆ, ಗೋಡೆಯ ಆಚೆಗೊಬ್ಬ ಮುದುಕ, ಅವನ ಕೈಯಲ್ಲೊಂದು ಪಿಟೀಲು. ಅಷ್ಟೇ.

ಹೀತ್ರೂ

ಮಗಳು ಸುಧಾಗೆ ಏಳನೆಯ ತಿಂಗಳ ಕುಬಸದ ಶಾಸ್ತ್ರ ಮಾಡಿ, ಹಾಗೇ ಇದ್ದು ಬಾಣಂತನ ಮುಗಿಸಿಕೊಂಡು ಹೋಗೋದು ಅಂತ ಹೊರಟಿದ್ದೆ. ಚೀಲದಲ್ಲಿ ಹಸಿರು ಸೀರೆ, ಹಸಿರು ಬಳೆ, ಅಂಟಿನ ಉಂಡಿಗೆ ಬೇಕಾದ ಅಂಟು, ಅಳವಿ, ಉತ್ತತ್ತಿ, ಒಣಕೊಬ್ಬರಿ. ವಿಮಾನದಲ್ಲಿ ಪಕ್ಕದವನೊಬ್ಬ, ಎರಡು ಸಾವಿರ ಇಸವಿ ಹುಟ್ಟುತ್ತಿದ್ದಂತೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ವಿಮಾನಗಳು ಬೀಳುತ್ತವೆ ಅಂತ ಹೆದರಿಸಿದ. ಅದಕ್ಕಿನ್ನೂ ತಿಂಗಳುಗಟ್ಟಲೆ ಇತ್ತು. ಆದರೂ ನಾನು ಇಳಿಯೋ ತನಕ ಕುರ್ಚಿಯ ಕೈ ಬಿಡಲಿಲ್ಲ.

ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿದ ಅಧಿಕಾರಿ ಅಂಟಿನ ಹರಳುಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ. ಏನಿದು ಅಂತ ಕೇಳಿದನೋ ಏನೋ. ನಾನು "ಬಾಣಂತಿ, ಬಾಣಂತಿ" ಅಂತ ಎರಡೂ ಕೈ ತೊಟ್ಟಿಲಿನ ಹಾಗೆ ತೂಗಿ ತೋರಿಸಿದೆ. ಅವನು ನಕ್ಕು ಚೀಲ ಮುಚ್ಚಿ, "ಕಂಗ್ರಾಜುಲೇಷನ್ಸ್!" ಅಂದ. ಆ ಮಾತು ಹೇಳಿದವರಲ್ಲಿ ಅವನೇ ಮೊದಲಿಗ. ಮುಂದೆ ಬಹಳ ದಿವಸ ಅವನೇ ಕೊನೆಯವನೂ ಆದ.

ಹೊರಗೆ ಅಳಿಯ ಪ್ರಕಾಶ ನಿಂತಿದ್ದರು. ಅವರು ಮೈಸೂರಿನವರು, ಎಲುಬಿನ ಡಾಕ್ಟರು. ಇಸ್ತ್ರಿ ಇಲ್ಲದ ಅಂಗಿ ಹಾಕಿದ್ದನ್ನು ನಾನು ಕಂಡಿರಲೇ ಇಲ್ಲ. ಅವತ್ತು ಗಡ್ಡವೂ ಬೆಳೆದಿತ್ತು.

"ಅತ್ತೆ, ಮಗು ಹುಟ್ಟಿಬಿಡ್ತು. ನೀವು ವಿಮಾನ ಹತ್ತೋ ಹೊತ್ತಿಗೆ. ಹೆಣ್ಣು."

ನಾನು ಗಟ್ಟಿಯಾಗಿ ನಕ್ಕೇಬಿಟ್ಟೆ. "ಅಯ್ಯ ನಮ್ಮವ್ವ, ಎಷ್ಟು ಅವಸರ ಐತಿ ನೋಡು ಇಕಿಗೆ! ಹಸಿರು ಸೀರಿ ಚೀಲದಾಗ ಉಳೀತಲ್ಲ!" ಅಂದೆ. ಪ್ರಕಾಶ ನಗಲಿಲ್ಲ. ನನ್ನ ಚೀಲ ಕೈಗೆ ತಗೊಂಡು, "ನಡೀರಿ" ಅಂದರು. ಆಗ ನನ್ನ ನಗೆ ಬಾಯಲ್ಲೇ ಒಣಗಿತು.

ಗಾಜಿನ ಡಬ್ಬಿ

ಮನೆಗೂ ಹೋಗದೆ ಆಸ್ಪತ್ರೆಗೆ ಹೋದೆವು. ಮೊಣಕೈ ತನಕ ಕೈ ತೊಳೆಸಿದರು, ಬಳೆ ತೆಗೆಸಿದರು. ಗಾಜಿನ ಡಬ್ಬಿಯೊಳಗೆ ನನ್ನ ಮೊಮ್ಮಗಳು. ಏನು ಹೇಳಲಿ. ನನ್ನ ಅಂಗೈಯಲ್ಲಿ ಮಲಗಿಸಿದರೆ ಕಾಲು ಮಣಿಕಟ್ಟಿನ ಆಚೆ ಬರುತ್ತಿರಲಿಲ್ಲ. ಉಳ್ಳಾಗಡ್ಡಿಯ ಒಳಪದರದಂಥ ಚರ್ಮ, ಅದರ ಕೆಳಗೆ ನೀಲಿ ದಾರದಂಥ ನರ. ನಮ್ಮ ಕಡೆ ಕೂಸು ಕಂಡ ತಕ್ಷಣ ದೃಷ್ಟಿ ತೆಗೆಯುತ್ತೇವೆ. ಈ ಕೂಸಿಗೆ ಯಾರ ದೃಷ್ಟಿ ತಾಗೀತು? ನೋಡಿದವರೆಲ್ಲ ಕಣ್ಣು ತಗ್ಗಿಸುತ್ತಿದ್ದರು.

ಅಲ್ಲಿಯ ನರ್ಸು ಗ್ರೇಸ್ ಅಂತ. ಕರಿಯ, ತುಂಬು ಮೈಯ ಹೆಂಗಸು, ಎದೆಯಿಂದ ನಗುವಾಕಿ. ಕೂಸಿನ ಹೆಸರೇನು ಅಂತ ಕೇಳಿದಳು. ತೊಟ್ಟಿಲ ಶಾಸ್ತ್ರ ಮಾಡುವ ತನಕ ನಮ್ಮಲ್ಲಿ ಹೆಸರಿಡೂದಿಲ್ಲ ಅಂತ ಸುಧಾ ಇಂಗ್ಲಿಷಿನಲ್ಲಿ ಹೇಳಿದಳು. "ಹಾಗಾದರೆ ಅಲ್ಲೀ ತನಕ ಇವಳು ನನ್ನ ಪೀನಟ್" ಅಂದಳು ಗ್ರೇಸ್.

"ಹಂಗಂದ್ರೇನಽ ಸುಧಾ?"

"ಶೇಂಗಾಕಾಳು, ಅವ್ವ."

ಖರೆ ಹೇಳಬೇಕಂದರೆ ಆಕಿ ಅಷ್ಟೇ ಇದ್ದಳು.

ನೋಡುತ್ತ ನಿಂತಾಗಲೇ ಡಬ್ಬಿಯ ಮೇಲಿನ ಯಂತ್ರ ಕುಂಯ್ ಕುಂಯ್ ಅಂತ ಕೂಗಿತು. ಕೂಸು ನೀಲಿಯಾಗತೊಡಗಿತು. ನಾನು ಸುಧಾನ ತೋಳು ಹಿಡಿದೆ. ಗ್ರೇಸ್ ಮಾತ್ರ ಗಾಬರಿಯಿಲ್ಲದೆ ಕೈ ಒಳಗೆ ತೂರಿಸಿ, ಬೆರಳಿನಿಂದ ಕೂಸಿನ ಅಂಗಾಲಿಗೆ ಟಕ್ ಅಂತ ಹೊಡೆದಳು. ಕೂಸು ಬೆಚ್ಚಿ ಉಸಿರೆಳೆದುಕೊಂಡಿತು. ಯಂತ್ರ ಸುಮ್ಮನಾಯಿತು.

"ಏನಾತು? ಏನಾತ್ರೀ?"

ಪ್ರಕಾಶ ನೆಲ ನೋಡುತ್ತ ಹೇಳಿದರು. "ದಿನ ತುಂಬದೆ ಹುಟ್ಟಿದ ಮಕ್ಕಳು ಹೀಗೇ ಅತ್ತೆ. ಗಾಢ ನಿದ್ದೆಗೆ ಹೋದರೆ ಉಸಿರಾಡೋದನ್ನೇ ಮರೆತುಬಿಡ್ತವೆ. ಯಾರಾದ್ರೂ ನೆನಪು ಮಾಡಬೇಕು."

ಉಸಿರಾಡೋದು ಮರೆಯೋದು! ನಾವು ಸಂತೆಯಲ್ಲಿ ಕೊತ್ತಂಬರಿ ಮರೆಯುತ್ತೇವೆ. ಉಸಿರು ಮರೆಯೋದುಂಟೇ? ಒಂದು ಜೋಗುಳ ಹಾಡಿರಿ, ಅಜ್ಜಿಯ ದನಿ ಮಕ್ಕಳಿಗೆ ಒಳ್ಳೇದು ಅಂತ ಗ್ರೇಸ್ ಹೇಳಿದಳಂತೆ. ನಾನು ಬಾಯಿ ತೆರೆದೆ, ಮುಚ್ಚಿದೆ. ಜೋಗುಳ ಅಂದರೆ ಮಲಗಿಸೋ ಹಾಡು. ಮಲಗಿದರೆ ಉಸಿರು ಮರೆಯೋ ಕೂಸಿಗೆ ಮಲಗು ಅಂತ ನಾನು ಯಾವ ಬಾಯಿಂದ ಹೇಳಲಿ?

"ಒಲ್ಲೆ" ಅಂದೆ. "ನಾ ಹಾಡೂದಿಲ್ಲ."

ಸುಧಾ ನನ್ನನ್ನು ನೋಡಿದಳು. ಮುಖ ಆಚೆ ತಿರುಗಿಸಿದಳು. ಆವತ್ತಿನಿಂದ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಕೆಂಟನ್, ಗೋಡೆ

ಇಲ್ಲಿಯ ಮನೆಗಳು ಜೋಡಿ ಜೋಡಿ. ಒಂದೇ ಮನೆಯನ್ನು ನಡುವೆ ಸೀಳಿ ಎರಡು ಸಂಸಾರಕ್ಕೆ ಕೊಟ್ಟಿದ್ದಾರೆ. ನಮ್ಮಲ್ಲಿ ಅಣ್ಣತಮ್ಮಂದಿರು ಜಗಳಾಡಿ ಪಾಲಾದಾಗ ಹೀಗೆ ಗೋಡೆ ಏಳುತ್ತದೆ. ಇಲ್ಲಿ ಜಗಳವಿಲ್ಲದೇ ಏಳುತ್ತದೆ. ಮಾತೂ ಇಲ್ಲ, ಜಗಳವೂ ಇಲ್ಲ. ದಾರಿಯಲ್ಲಿ ಎದುರಾದರೆ "ಲವ್ಲಿ ಡೇ" ಅನ್ನುತ್ತಾರೆ. ಮಳೆ ಬಂದರೆ ಮಳೆಯ ಪರವಾಗಿ ತಾವೇ "ಸಾರಿ" ಅನ್ನುತ್ತಾರೆ. ನಾಯಿಯ ಜೊತೆ ಮಾತ್ರ ಮನಬಿಚ್ಚಿ ಮಾತಾಡುತ್ತಾರೆ.

ಮಗಳು ಅಳಿಯ ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಬರುತ್ತಿದ್ದದ್ದು ಮಧ್ಯಾಹ್ನ ಕಳೆದ ಮೇಲೆ. ಬಂದ ಸುಧಾ ಕೋಣೆ ಬಾಗಿಲು ಹಾಕಿಕೊಂಡು ಯಂತ್ರದಿಂದ ಎದೆಹಾಲು ತೆಗೆಯುತ್ತಿದ್ದಳು. ಅದು ಗುರ್‌ಗುರ್ ಅನ್ನುತ್ತಿತ್ತು. ಆ ಹಾಲನ್ನು ಸಣ್ಣ ಬಾಟಲಿಯಲ್ಲಿ ಮತ್ತೆ ಆಸ್ಪತ್ರೆಗೆ ಒಯ್ಯಬೇಕು. ನಾನು ಮೆಣಸಿನ ಸಾರು ಕಾಯಿಸಿ, ಅಂಟಿನ ಉಂಡಿ ಕಟ್ಟಿ ಮುಂದಿಟ್ಟರೆ, "ಬ್ಯಾಡ ಅವ್ವ" ಅನ್ನೋಳು. ಬಾಣಂತನಕ್ಕೆ ಬಂದವಳು ನಾನು. ಎರೆಯಲು ಕೂಸಿಲ್ಲ, ಉಣ್ಣಲು ಬಾಣಂತಿಯಿಲ್ಲ. ಇಡೀ ಲಂಡನ್ನಿನಲ್ಲಿ ನನ್ನಷ್ಟು ಕೆಲಸವಿಲ್ಲದ ಹೆಂಗಸು ಇರಲಿಕ್ಕಿಲ್ಲ. ಕಿಟಕಿಯ ಹತ್ತಿರ ಕೂತು, ಟೆಲಿಫೋನು ಬಡಿಯದಿರಲಿ ದೇವರೇ ಅಂತ ಬೇಡಿಕೊಳ್ಳೋದೇ ನನ್ನ ಕಾಯಕ.

ಊಟದ ಹೊತ್ತು ಮುಗಿಯುತ್ತಿದ್ದಂತೆ ಗೋಡೆಯ ಆಚೆಯಿಂದ ಪಿಟೀಲು ಶುರುವಾಗುತ್ತಿತ್ತು. ಒಂದೇ ಮಟ್ಟು. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ, ಬಂದು ನಿಲ್ಲದೇ ಮತ್ತೆ ಹೊರಡುತ್ತದೆ. ನಮ್ಮ ಕಡೆಯ ಪಿಟೀಲು ಗಮಕ ಎಳೆದು ಎಳೆದು ಅಳುತ್ತದಲ್ಲ, ಇದು ಹಾಗಲ್ಲ. ಕುಪ್ಪಳಿಸುತ್ತದೆ. ನನ್ನ ಕಿವಿಗೆ ಅದು ಮುಳ್ಳು ಚುಚ್ಚಿದ ಹಾಗೆ. ಸೂತಕದಂಥ ಮನೆಯ ಪಕ್ಕದಲ್ಲಿ ಯಾರಪ್ಪ ಇವನು, ಕುಣಿಯೋ ವಾದ್ಯ ಬಾರಿಸುವವ?

"ಪಕ್ಕದ ಮನೆ ವಾಲ್ಟರ್" ಅಂದರು ಪ್ರಕಾಶ. "ಹೆಂಡತಿ ಹೋದ ಮೇಲೆ ಮಗಳ ಮನೆಗೆ ಬಂದಿದಾನೆ, ಪಾಪ. ದಿನಾ ಪಿಟೀಲು ಕುಯ್ಯೋದೇ ಕೆಲಸ."

ಬೇಲಿ

ಒಂದು ದಿವಸ ಬಿಸಿಲು ಬಿತ್ತು. ಇಲ್ಲಿ ಬಿಸಿಲು ಬಿದ್ದರೆ ಮಂದಿ ನೆಂಟರು ಬಂದ ಹಾಗೆ ಓಡಿ ಹೊರಗೆ ಬರುತ್ತಾರೆ. ನಾನೂ ಹಿತ್ತಲಲ್ಲಿ ಕೂತು, ಹಳೇ ಸೀರೆಗಳ ಕೌದಿಗೆ ಹೊಲಿಗೆ ಹಾಕುತ್ತಿದ್ದೆ. ಬೇಲಿಯ ಆಚೆ ಕುರ್ಚಿ ಹಾಕಿಕೊಂಡು ವಾಲ್ಟರ್ ಕೂತಿದ್ದ. ಎಂಬತ್ತು ದಾಟಿದ ಮುದುಕ, ಕೆಂಪು ಮೂಗು, ಕತ್ತಿಗೆ ಟೈ, ಕಾಲಿಗೆ ಚಪ್ಪಲಿ. ಬಾರಿಸಿ ನಿಲ್ಲಿಸಿ ನನ್ನ ಕಡೆ ನೋಡಿ, "ರೀಲ್!" ಅಂದ.

ಓಹೋ, ಅಂಗಿಗುಂಡಿ ಕಿತ್ತಿರಬೇಕು, ದಾರ ಕೇಳುತ್ತಾನೆ ಅಂದುಕೊಂಡೆ. ಹೊಲಿಗೆಯ ಡಬ್ಬಿಯಿಂದ ಬಿಳಿ ದಾರದ ರೀಲು ತೆಗೆದು ಬೇಲಿಯ ಮೇಲಿಂದ ಚಾಚಿದೆ. ಅವನು ಅದನ್ನು ನೋಡಿದ, ಪಿಟೀಲು ನೋಡಿದ. "ನೋ ನೋ, ಮೈ ಡಿಯರ್. ರೀಲ್!" ಅಂತ ಕಮಾನು ಅಲ್ಲಾಡಿಸಿದ. ಬಣ್ಣ ಸರಿಯಿಲ್ಲವೇನೋ ಅಂತ ಕರಿ ದಾರದ ರೀಲು ಕೊಡಲು ಹೋದೆ.

ಹಿಂಬಾಗಿಲಲ್ಲಿ ಸುಧಾ ನಿಂತಿದ್ದಳು. ಎಷ್ಟೋ ದಿನಕ್ಕೆ ಆಕೆಯ ಮುಖದಲ್ಲಿ ಹಲ್ಲು ಕಂಡವು. "ಅವ್ವ, ರೀಲು ಅಂದ್ರ ದಾರ ಅಲ್ಲ. ಅಂವ ಬಾರಿಸ್ತಾನಲ್ಲ, ಆ ಮಟ್ಟಿಗೆ ರೀಲು ಅಂತಾರ. ಹಳ್ಳಿ ಮಂದಿ ಕುಣಿಯೂದು."

"ಹಂಗಾರ ಅಂವಗ ಒಂದೇ ರೀಲು ಬರ್ತೈತೇನು? ಕೇಳು."

ಸುಧಾ ಕೇಳಿದಳು. ವಾಲ್ಟರ್ ಜೋರಾಗಿ ನಕ್ಕ. ಆಮೇಲೆ ನಮ್ಮ ಕೂಸಿನ ಸುದ್ದಿ ಕೇಳಿ ತಿಳಿದು ಹೇಳತೊಡಗಿದ, ಸುಧಾ ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ಅವನ ಅಪ್ಪ ಉತ್ತರದ ಗುಡ್ಡಗಾಡಿನ ಕುರುಬ. ನಾರ್ಥಂಬರ್ಲೆಂಡ್ ಅಂತ ಸೀಮೆ. ಓದು ಬರಹವಿಲ್ಲ, ಕುರಿ, ನಾಯಿ, ಪಿಟೀಲು ಇಷ್ಟೇ ಬಲ್ಲವ. ಕುರಿ ಈಯುವ ಕಾಲ, ಇನ್ನೂ ಹಿಮ ಬೀಳುತ್ತಿತ್ತು. ದಾರಿ ಮುಚ್ಚಿ ಡಾಕ್ಟರು ಬರುವಂತಿಲ್ಲ. ಹೆಂಡತಿ ದಿನ ತುಂಬದ ಕೂಸು ಹೆತ್ತಳು. ಅಂಥ ಕೂಸನ್ನು ಏನು ಮಾಡಬೇಕು? ತಣ್ಣಗಾದ ಕುರಿಮರಿಗೆ ಮಾಡುವುದನ್ನೇ ಮಾಡಿದ. ಡಬ್ಬಕ್ಕೆ ಉಣ್ಣೆ ತುಂಬಿ, ಒಲೆಯ ಬದಿಗೆ ಇಟ್ಟು, ಬೆಂಕಿ ಆರದಂತೆ ಕಾದು ಕೂತ. ಹಗಲೆಲ್ಲ ಕುರಿಯ ಹಿಂದೆ ಅಲೆದ ಮನುಷ್ಯ, ಕೂತರೆ ಕಣ್ಣು ಮುಚ್ಚುತ್ತಿತ್ತು. ಕಣ್ಣು ಮುಚ್ಚಿದರೆ ಬೆಂಕಿ ಆರುತ್ತಿತ್ತು. ಅದಕ್ಕೆ ಪಿಟೀಲು ತೆಗೆದ. ನಿಧಾನದ ಮಟ್ಟು ಬಾರಿಸಿದರೆ ಇನ್ನೂ ನಿದ್ದೆ. ಅವಸರದ್ದು ಬೇಕು. ಮುಗಿಯಲೂಬಾರದು, ಮುಗಿದರೆ ತೂಕಡಿಕೆ. ಹಾಗೆ ಬಾರಿಸುತ್ತ ಬಾರಿಸುತ್ತ, ಬಾಲ ತಲೆಗೆ ಬಂದು ಸೇರುವ ಈ ರೀಲು ಹುಟ್ಟಿತು. ನಡುನಡುವೆ ಎದ್ದು ಬೆಂಕಿಗೆ ಕಟ್ಟಿಗೆ ಹಾಕುತ್ತಿದ್ದ, ಮತ್ತೆ ಬಾರಿಸುತ್ತಿದ್ದ. ಊರವರು ಅದಕ್ಕೆ ಇಟ್ಟ ಹೆಸರು "ಬೆಂಕಿ ಆರಗೊಡಬೇಡ". ಆಮೇಲೆ ಅದಕ್ಕೆ ಕುಣಿದರು, ಮದುವೆಗಳಲ್ಲಿ ಬಾರಿಸಿದರು. ಕಟ್ಟಿದವ ಮಾತ್ರ ಅದಕ್ಕೆ ಎಂದೂ ಕುಣಿಯಲಿಲ್ಲವಂತೆ.

ಸುಧಾ ಬೇಲಿಯ ಹಲಗೆ ಹಿಡಿದುಕೊಂಡಿದ್ದಳು. ಕನ್ನಡದಲ್ಲೇ ಕೇಳಿಬಿಟ್ಟಳು. "ಆ ಕೂಸು ಉಳೀತಾ?"

ಭಾಷೆ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು ಮುದುಕನಿಗೆ. ಬೆರಳನ್ನು ಟೈ ಮೇಲೆ ಒತ್ತಿ ತೋರಿಸಿದ. ತಾನೇ.

ಲಟ್ಟಣಿಗೆ

ಆವತ್ತು ಸುಧಾ ಅರ್ಧ ರೊಟ್ಟಿ ಉಂಡಳು. ನಾನು ಅಳಿಯನಿಗೆ ಎಲ್ಲ ಹೇಳಿದೆ. ಅವರು ದಣಿದ ನಗೆ ನಕ್ಕು, "ಅತ್ತೆ, ಅಜ್ಜ ನಿಮಗೆ ಚೆನ್ನಾಗಿ ರೀಲು ಬಿಟ್ಟಿದಾನೆ!" ಅಂದರು.

"ಅಂದ್ರ?"

"ನಮ್ಮ ಕಡೆ ರೀಲು ಬಿಡೋದು ಅಂದ್ರೆ ಸುಳ್ಳು ಪೋಣಿಸೋದು."

ನಾನು ಸಿಟ್ಟಿನಿಂದ, "ನಿಮ್ಮ ಮೈಸೂರು ಮಂದೀಗೆ ಖರೇನೂ ಬೆಲ್ಲ ಹಾಕೇ ಕೊಡಬೇಕು" ಅಂದೆ. ಆದರೆ ಆ ಮಾತು ಮುಳ್ಳಾಗಿ ಉಳಿಯಿತು. ಅದೇ ವಾರ ವಾಲ್ಟರನ ಮಗಳು ಮಾರ್ಗರೆಟ್ ಕೇಕು ತಂದುಕೊಟ್ಟಳು. ಸುಧಾ ಆ ಕಥೆ ಎತ್ತಿದಾಗ ಆಕೆ ಹುಬ್ಬೇರಿಸಿ, "ಕೂಸಿಗೆ ಅಂದನೇ? ನಾವು ಸಣ್ಣವರಿದ್ದಾಗ ಅಪ್ಪ ಹೇಳುತ್ತಿದ್ದದ್ದು ಕುರಿಮರಿಗಾಗಿ ಬಾರಿಸಿದ್ದು ಅಂತ" ಅಂದಳು. ಸುಧಾ ತಲೆಯಾಡಿಸಿದಳು, ಕೇಕು ತಂದದ್ದಕ್ಕೆ ಥ್ಯಾಂಕ್ಯೂ ಅಂದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಆಸ್ಪತ್ರೆಯಿಂದ ಟೆಲಿಫೋನು ಬಡಿಯಿತು. ಕೂಸಿನ ರಕ್ತದಲ್ಲಿ ನಂಜು. ಇಬ್ಬರೂ ಓಡಿದರು. ಹೋಗುವಾಗ ಪ್ರಕಾಶ ಒಂದು ಮಾತು ಹೇಳಿದರು. "ಅತ್ತೆ, ನಾನು ಡಾಕ್ಟರಾಗದೇ ಇದ್ದಿದ್ರೆ ಚೆನ್ನಾಗಿತ್ತು. ಏನೇನಾಗುತ್ತೆ ಅಂತ ಗೊತ್ತಿರ್ತಾ ಇರಲಿಲ್ಲ."

ನಾನೊಬ್ಬಳೇ. ದೇವರ ಮುಂದೆ ಕೂತರೆ ದೇವರೂ ಗೋಡೆಯ ಹಾಗೆ ಕಂಡ. ಆಗ ಶುರುವಾಯಿತು ಆಚೆ ಕಡೆ. ಅದೇ ರೀಲು. ಕುಪ್ಪಳಿಸಿ, ಸುತ್ತಿ, ಮತ್ತೆ ಕುಪ್ಪಳಿಸಿ. ನನಗೆ ಏನು ಬಂತೋ! ಲಟ್ಟಣಿಗೆ ತಗೊಂಡು ಗೋಡೆಗೆ ಬಡಿದೆ. "ಸಾಕು ಮಾಡೋ ಮುದುಕಾ! ಸುಳ್ಳಾ! ನಿನ್ನ ಬೆಂಕಿ ಆರಲಿ!" ಗೋಡೆಯ ಸುಣ್ಣ ಉದುರಿತು. ಪಿಟೀಲು ನಡುವಿನಲ್ಲೇ ಕತ್ತರಿಸಿದಂತೆ ನಿಂತಿತು.

ಮರುಗಳಿಗೆಯಲ್ಲಿ ಬಾಗಿಲು ಬಡಿದ ಸದ್ದು. ತೆಗೆದರೆ ವಾಲ್ಟರ್. ಮಳೆಯಲ್ಲಿ ಕೊಡೆಯಿಲ್ಲದೆ, ಮನೆಯ ಚಪ್ಪಲಿಯಲ್ಲೇ ಬಂದಿದ್ದಾನೆ, ಬೆಳ್ಳಗೆ ಬಿಳಿಚಿದ್ದಾನೆ. "ಬೇಬಿ?" ಅಂದ. ಗೋಡೆ ಬಡಿದದ್ದು ಸಾವಿನ ಸುದ್ದಿ ಅಂತ ತಿಳಿದಿದ್ದ!

"ಇಲ್ಲ ಇಲ್ಲ. ಬೇಬಿ ಹಾಸ್ಪಿಟಲ್" ಅಂದೆ. ನನಗೆ ಬರುವ ಇಂಗ್ಲಿಷು ಅಷ್ಟು ಇಷ್ಟು. ಅವನ ದಾರಿಗೆ ಅಡ್ಡ ನಿಂತು ಕೇಳಿದೆ. "ಯೂ ಟೆಲ್. ರೀಲ್, ಬೇಬಿ? ರೀಲ್, ಲ್ಯಾಂಬ್?"

ಮುದುಕ ಮುಖದ ಮಳೆನೀರು ಒರೆಸಿಕೊಂಡ. "ಬೋತ್" ಅಂದ. ತಿಳಿಯದೆ ನಿಂತಿದ್ದೆ. ಎರಡೂ ಕೈ ಜೋಡಿಸಿ ಡಬ್ಬ ಮಾಡಿ ತೋರಿಸಿದ. "ಒನ್ ಬಾಕ್ಸ್." ಎಡಗೈ ಅಲ್ಲಾಡಿಸಿ "ಲ್ಯಾಂಬ್", ಬಲಗೈ ಅಲ್ಲಾಡಿಸಿ "ಮಿ". ಒಂದರ ಬಿಸುಪು ಇನ್ನೊಂದಕ್ಕೆ ಆಗಲಿ ಅಂತ ಅಪ್ಪ ಎರಡನ್ನೂ ಒಂದೇ ಡಬ್ಬದಲ್ಲಿ ಮಲಗಿಸಿದ್ದ! ನಮ್ಮ ಕಡೆಯ ಕುರುಬರು ಎಳೇ ಮರಿಯನ್ನು ಕಂಬಳಿಯೊಳಗೆ ಮೈಗೆ ಕಟ್ಟಿಕೊಂಡು ನಡೆಯುವುದನ್ನು ಸಾವಿರ ಸಲ ಕಂಡಿದ್ದೇನೆ. ಮಾತು ತಟ್ಟನೆ ಎದೆಗಿಳಿಯಿತು.

"ಲ್ಯಾಂಬ್ ಗುಡ್?" ಅಂದೆ.

ಅವನು ಎಡಗೈಯನ್ನು ಮೆಲ್ಲಗೆ ಕೆಳಗಿಳಿಸಿದ. ಇಲ್ಲ ಅಂತ ತಲೆಯಾಡಿಸಿದ. ಬಲಗೈ ಹಾಗೇ ಗಾಳಿಯಲ್ಲಿ ನಿಂತಿತ್ತು.

ಆ ರೀಲಿಗೆ ಒಂದು ಉಳಿಯಿತು, ಒಂದು ಉಳಿಯಲಿಲ್ಲ. ಮಕ್ಕಳಿಗೆ ಕುರಿಮರಿಯ ಕಥೆ ಹೇಳಿದ, ನಮಗೆ ಕೂಸಿನ ಕಥೆ ಹೇಳಿದ. ಸುಳ್ಳು ಯಾವುದೂ ಅಲ್ಲ. ನಾವಿಬ್ಬರೂ ಬಾಗಿಲಲ್ಲೇ ನಿಂತು ಅತ್ತೆವು. ಇಂಗ್ಲಿಷರು ಅಳೋದಿಲ್ಲ ಅಂತ ಯಾರೋ ಹೇಳಿದ್ದರು. ಅಳುತ್ತಾರೆ. ನಡುನಡುವೆ "ಸಾರಿ" ಅನ್ನುತ್ತಾರೆ ಅಷ್ಟೇ.

ಮತ್ತೆ ಡಬ್ಬಿಯ ಮುಂದೆ

ಸಂಜೆ ಪ್ರಕಾಶ ನನ್ನನ್ನೂ ಕರೆದೊಯ್ದರು. ಹೇಳಲಿಲ್ಲ, ಆದರೆ ಕೊನೆಯದಾಗಿ ನೋಡಿಕೊಳ್ಳಲಿ ಅಂತಲೇ ಕರೆದೊಯ್ದದ್ದು. ಕೂಸು ಬೂದಿಯ ಬಣ್ಣಕ್ಕೆ ತಿರುಗಿತ್ತು. ಯಂತ್ರ ಮತ್ತೆ ಮತ್ತೆ ಕೂಗುತ್ತಿತ್ತು, ಗ್ರೇಸಿನ ಬೆರಳು ಮತ್ತೆ ಮತ್ತೆ ಅಂಗಾಲಿಗೆ. ಸುಧಾ ಕಲ್ಲಿನ ಹಾಗೆ ಕೂತಿದ್ದಳು.

ನಾನು ಡಬ್ಬಿಯ ಕಿಂಡಿಗೆ ಬಾಯಿ ಹಚ್ಚಿ ಆ ರೀಲು ಗುನುಗತೊಡಗಿದೆ. ದಿವಸಾ ಗೋಡೆಯಿಂದ ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿತ್ತು ಹಾಳಾದ್ದು. ಡಿಡ್ಲಡಿಡ್ಲ ಡಿಡ್ಲಡಂ. ಮಲಗಬ್ಯಾಡ ನನ್ನವ್ವ. ಡಿಡ್ಲಡಿಡ್ಲ. ಉಸಿರು ಮರೀಬ್ಯಾಡ. ಶ್ರುತಿಯಿಲ್ಲ, ತಾಳ ಓಡುತ್ತದೆ, ಕುತ್ತಿಗೆಯ ಸೆರೆ ಉಬ್ಬಿದವು. ಮುಗಿಯೋ ಜಾಗ ಇಲ್ಲವೇ ಇಲ್ಲ ಅದಕ್ಕೆ. ದಣಿದು ನಿಲ್ಲಿಸಿದರೆ ಪಕ್ಕದಲ್ಲಿ ಸುಧಾ ಎತ್ತಿಕೊಂಡಳು. ಸುಧಾ ನಿಂತರೆ ನಾನು. ಪ್ರಕಾಶ, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅತ್ತೆ" ಅಂದರು. ಅಂದವರು ಸ್ವಲ್ಪ ಹೊತ್ತಿಗೆ ಬೆರಳಿನಿಂದ ಕುರ್ಚಿಯ ಮೇಲೆ ತಾಳ ಹಾಕುತ್ತಿದ್ದರು.

ರೀಲಿನಿಂದ ಕೂಸು ಉಳಿಯಿತು ಅಂತ ನಾನು ಹೇಳುವುದಿಲ್ಲ. ಉಳಿಸಿದ್ದು ಔಷಧ, ಉಳಿಸಿದ್ದು ಗ್ರೇಸಿನ ಬೆರಳು. ಆಮೇಲೂ ವಾರಗಟ್ಟಲೆ ಭಯವೇ. ಒಂದು ಹೆಜ್ಜೆ ಮುಂದೆ, ಎರಡು ಹಿಂದೆ. ಎಷ್ಟೋ ಸಂಜೆ ಬಸ್ಸಿನಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಬಂದಿದ್ದೇವೆ. ಆದರೆ ಕೈಗೆ ಕೆಲಸವಿಲ್ಲದವಳಿಗೆ ಒಂದು ಕೆಲಸ ಸಿಕ್ಕಿತ್ತು. ಮೆಲ್ಲಮೆಲ್ಲಗೆ ಯಂತ್ರ ಕೂಗುವುದು ಕಡಿಮೆಯಾಯಿತು. ನಳಿಗೆ ತೆಗೆದರು. ಕೂಸು ಡಬ್ಬಿಯಿಂದ ಆಸ್ಪತ್ರೆಯ ತೆರೆದ ತೊಟ್ಟಿಲಿಗೆ ಬಂತು. ಮೊನ್ನೆ ಗ್ರೇಸ್, "ಪೀನಟ್ಟಿಗೆ ಇನ್ನು ಉಸಿರಾಡೋದು ಬಾಯಿಪಾಠ ಆಗಿದೆ. ಮನೆಗೆ ಒಯ್ಯಿರಿ" ಅಂದಳು!

ನಿನ್ನೆ ಸಂಜೆ

ಕೂಸನ್ನು ಪಡಸಾಲೆಯ ತೊಟ್ಟಿಲಲ್ಲಿ ಮಲಗಿಸಿ, ಎಲ್ಲರೂ ಕೂಡಿ ಉಣ್ಣಲು ಕೂತೆವು. ಗುಜರಾತಿ ಅಂಗಡಿಯ ಜೋಳದ ಹಿಟ್ಟಿನ ರೊಟ್ಟಿ, ಬದನೆಕಾಯಿ ಎಣ್ಣಗಾಯಿ, ಹೋಳಿಗೆ, ಕಟ್ಟಿನ ಸಾರು. ವಾಲ್ಟರ್, ಮಾರ್ಗರೆಟ್ ಇಬ್ಬರನ್ನೂ ಕರೆದಿದ್ದೆ. ಅವರು ನಮ್ಮ ಮನೆಯವರಲ್ಲ ಅಂತ ಯಾರಾದರೂ ಅಂದರೆ ನಾನು ಕೇಳೂದಿಲ್ಲ. ಮಾರ್ಗರೆಟ್ ನಮ್ಮ ಹಾಗೆ ಕೈಯಲ್ಲೇ ಉಣ್ಣುತ್ತೇನೆ ಅಂತ ಹಟ ಹಿಡಿದು, ಮುಂಗೈ ತನಕ ಸಾರು ಮಾಡಿಕೊಂಡಳು.

"ನೋಡ್ರೀ ಅತ್ತೆ, ಸಾರು ಬಾಯೊಂದು ಬಿಟ್ಟು ಎಲ್ಲಾ ಕಡೆ ಹೋಗ್ತಿದೆ" ಅಂದರು ಪ್ರಕಾಶ.

"ನಗಬ್ಯಾಡ್ರಿ, ನೀವು ಮೊದಲ ಸಲ ನಮ್ಮ ಮನ್ಯಾಗ ಖಡಕ್ ರೊಟ್ಟಿ ತಿಂದಾಗ ಹೆಂಚು ಕಡದಂಗ ಸಪ್ಪಳ ಮಾಡಿದ್ರಿ" ಅಂದೆ. ಸುಧಾ ನಕ್ಕಳು. ವಾಲ್ಟರ್ ಮಾತ್ರ ಟೈ ಸರಿಮಾಡಿಕೊಂಡು, ಹೋಳಿಗೆಯನ್ನು ಮುಳ್ಳುಚಮಚದಿಂದ ಅಳತೆ ಹಿಡಿದು ಕತ್ತರಿಸಿ ತಿನ್ನುತ್ತಿದ್ದ.

ಆಗ ಕೂಸು ಅತ್ತಿತು. ಯಂತ್ರ ಅಲ್ಲ, ಕೂಸು! ಬೆಕ್ಕಿನ ಮರಿಯಂಥ ದನಿ. ವಾಲ್ಟರ್ ಒಬ್ಬನನ್ನು ಬಿಟ್ಟು ಎಲ್ಲರೂ ದಡಬಡ ಎದ್ದು ತೊಟ್ಟಿಲಿನ ಸುತ್ತ ನಿಂತೆವು. ನಿಂತ ಮೇಲೆ ನೋಡಿಕೊಂಡರೆ ನಾಲ್ಕೂ ಮಂದಿಯ ಕೈ ಎಂಜಲು! ನನ್ನದು ಎಣ್ಣಗಾಯಿ, ಸುಧಾನದು ರೊಟ್ಟಿ, ಪ್ರಕಾಶರದು ಸಾರು, ಮಾರ್ಗರೆಟ್ಟಿನದು ಎಲ್ಲಾ. ಕಳ್ಳರ ಹಾಗೆ ಕೈ ಮೇಲೆತ್ತಿಕೊಂಡು, "ನೀ ತೊಳಕೋ, ನೀವು ತೊಳಕೋರಿ" ಅಂತ ಒಬ್ಬರಿಗೊಬ್ಬರು ಹೇಳುತ್ತ ನಿಂತಿದ್ದೇವೆ. ಕೂಸು ಅಳುತ್ತಿದೆ. ಆ ಅಳು ಎಷ್ಟು ಗಟ್ಟಿ, ಎಷ್ಟು ಉದ್ದ! ಇಷ್ಟು ಉಸಿರು ಎಲ್ಲಿಂದ ತಂದಳೋ ನನ್ನ ತಾಯಿ!

ಚಮಚದಲ್ಲಿ ಉಣ್ಣುವ ವಾಲ್ಟರನ ಕೈ ಮಾತ್ರ ಸ್ವಚ್ಛ ಇದ್ದವು. ಅವನು ಕುರ್ಚಿ ಸರಿಸಿ ಎದ್ದು ಬಂದ, ಬಗ್ಗಿದ, ದೊಡ್ಡ ಕುರುಬಗೈ ಎರಡನ್ನೂ ಕೆಳಗೆ ತೂರಿಸಿ ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡ. ಅಳು ಬಿಕ್ಕಾಯಿತು, ಬಿಕ್ಕು ಸುಮ್ಮನಾಯಿತು. "ಈಟ್, ಈಟ್" ಅಂತ ನಮ್ಮನ್ನೇ ಗದರಿಸಿದ.

ಮರಳಿ ಕೂತೆವು. ನಾನು ಸುಧಾನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದೆ. ಬ್ಯಾಡ ಅನ್ನಲಿಲ್ಲ.